ಹೊಸ ಫೋಟೋಗ್ರಾಫರ್ ರೇಟ್ ಹೇಳೋದು ಹೇಗೆ: ಗಂಟೆಗಾ, ದಿನಕ್ಕಾ, ಪ್ಯಾಕೇಜಾ, ಪೀಸಿಗಾ?

ಕ್ಯಾಮೆರಾ ತಗೊಂಡು ಫ್ರೀಲ್ಯಾನ್ಸ್ ಶುರು ಮಾಡಿದವರೆಲ್ಲ ಕೇಳೋ ಮೊದಲ ಪ್ರಶ್ನೆ "ಎಷ್ಟು ತಗೋಬೋದು?" ಅಂತ. ಅದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಡಲ್ಲ, ಕೊಟ್ರೂ ಉಪಯೋಗ ಇಲ್ಲ, ಯಾಕಂದ್ರೆ ಜಯನಗರದ ರೇಟು ಹಾಸನದಲ್ಲಿ ನಡೆಯಲ್ಲ, ಹಾಸನದ ರೇಟು ಅರಸೀಕೆರೇಲಿ ನಡೆಯಲ್ಲ. ನಾನು ಹೇಳೋದು, ಎಷ್ಟು ಅನ್ನೋದನ್ನ ಆಮೇಲೆ ನೋಡೋಣ, ಮೊದಲು ಯಾವ ಲೆಕ್ಕದಲ್ಲಿ ಹೇಳ್ತೀರಿ ಅನ್ನೋದು ತೀರ್ಮಾನ ಆಗ್ಲಿ. ಈ ಫೀಲ್ಡಲ್ಲಿ ಕೆಲಸ ಮಾತಾಡಿದ್ದಕ್ಕಿಂತ ಜಾಸ್ತಿ ಆಗೋದು ಗ್ಯಾರಂಟಿ, ಮುಹೂರ್ತ ಲೇಟಾಗತ್ತೆ, ರಿಸೆಪ್ಷನ್ ಕ್ಯೂ ಹನ್ನೊಂದು ಗಂಟೆ ತನಕ ಎಳೆಯತ್ತೆ, ಆಲ್ಬಮ್‌ಗೆ "ಇನ್ನೊಂದು ಹತ್ತು ಫೋಟೋ ಸೇರ್ಸಿಬಿಡಿ" ಅಂತಾರೆ. ಆ ಜಾಸ್ತಿ ಕೆಲಸ ಯಾರ ತಲೆ ಮೇಲೆ ಬೀಳ್ಬೇಕು ಅನ್ನೋದು ನೀವು ಹಿಡ್ಕೊಂಡಿರೋ ಲೆಕ್ಕದ ಮೇಲೆ ನಿಂತಿರತ್ತೆ. ಅದಕ್ಕೇ ಕೆಳಗೆ ಒಂದೊಂದು ಲೆಕ್ಕಾನೂ ಆ ದೃಷ್ಟಿಯಿಂದಾನೇ ನೋಡ್ತಾ ಹೋಗಿದ್ದೀನಿ.

ಅದಕ್ಕೂ ಮುಂಚೆ ನಿಮ್ಮ ತಳ ಗೊತ್ತಿರ್ಲಿ

ತಳ ಅಂದ್ರೆ ಇದಕ್ಕಿಂತ ಕೆಳಗೆ ಹೋದ್ರೆ ಕೈಯಿಂದ ಹೋಗತ್ತೆ ಅನ್ನೋ ಮೊತ್ತ. ಇದು ಮಾರ್ಕೆಟ್ ನೋಡಿ ಬರೋದಲ್ಲ, ನಿಮ್ಮ ಖರ್ಚು ನೋಡಿ ಬರೋದು. ಒಂದು ಉದಾಹರಣೆ ಹಾಕೋಣ, ಅಂಕಿ ನಿಮ್ದು ಹಾಕ್ಕೊಳ್ಳಿ. ಕ್ಯಾಮೆರಾ ಬಾಡಿ, ಎರಡು ಲೆನ್ಸ್, ಫ್ಲ್ಯಾಶ್, ಲ್ಯಾಪ್‌ಟಾಪ್ ಎಲ್ಲ ಸೇರಿ 3 ಲಕ್ಷ, ನಾಲ್ಕು ವರ್ಷ ಬಾಳಿಕೆ ಅಂದ್ರೆ ವರ್ಷಕ್ಕೆ 75,000. ಹಾರ್ಡ್ ಡಿಸ್ಕ್, ಕಾರ್ಡು, ಸಾಫ್ಟ್‌ವೇರ್, ಸರ್ವಿಸ್, ಇನ್ಶೂರೆನ್ಸ್ 45,000. ಓಡಾಟ, ಫೋನು, ಇಂಟರ್ನೆಟ್ 30,000. ಮನೆ ನಡೆಸೋಕೆ ತಿಂಗಳಿಗೆ 25,000 ಅಂದ್ರೆ ವರ್ಷಕ್ಕೆ 3 ಲಕ್ಷ. ಒಟ್ಟು 4,50,000. ವರ್ಷಕ್ಕೆ 60 ದಿನ ಶೂಟ್ ಸಿಕ್ರೆ ದಿನಕ್ಕೆ 7,500, 90 ದಿನ ಸಿಕ್ರೆ 5,000. ಅಷ್ಟೇ.

ಇದ್ರಲ್ಲಿ ಜನ ಎಡವೋದು ಆ 60, 90ರ ಹತ್ರ. ವರ್ಷಕ್ಕೆ 365 ದಿನ ಇದೆ, 200 ದಿನನಾದ್ರೂ ಕೆಲಸ ಸಿಗಲ್ವಾ ಅಂತ ಲೆಕ್ಕ ಹಾಕ್ತಾರೆ. ಎಲ್ಲಿ ಸಿಗತ್ತೆ? ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ಅದ್ರ ಮೇಲೆ ಅಧಿಕಮಾಸ ಬಂದ್ರೆ ಇನ್ನೊಂದು ತಿಂಗಳು ಹೋಯ್ತು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ, ಅದೂ ಮೇ ಮಧ್ಯದಿಂದ, ಅಂದ್ರೆ ಒಳ್ಳೇ ಸೀಸನ್ನಿನ ಹೊಟ್ಟೆಗೇ ಕತ್ತರಿ. ಪಂಚಾಂಗ ನೋಡದೆ ರೇಟ್ ಕಾರ್ಡ್ ಮಾಡೋ ವೆಡ್ಡಿಂಗ್ ಫೋಟೋಗ್ರಾಫರ್ ಅಂದ್ರೆ ಮಳೆ ಕೇಳದೆ ಬಿತ್ತನೆಗೆ ಹೊರಟ ರೈತನ ಥರ.

ಕ್ಯಾಮೆರಾ ಸವೆಯೋದನ್ನೂ ಮರೀಬೇಡಿ. ನಿಕಾನ್ ಡಿ850, ಸೋನಿ ಎ7 III ಇಂಥ ಬಾಡಿಗಳ ಶಟರ್‌ನ ಕಂಪನಿಯವರು ಟೆಸ್ಟ್ ಮಾಡಿರೋದು 2 ಲಕ್ಷ ಕ್ಲಿಕ್‌ಗೆ. ಒಂದು ಮದುವೇಲಿ ರಿಸೆಪ್ಷನ್ ಸೇರಿ 4,000 ಕ್ಲಿಕ್ ಆಯ್ತು ಅಂದ್ರೆ 50 ಮದುವೆಗೆ ಅಲ್ಲಿಗೆ ಬಂದು ನಿಲ್ತೀರಿ. ಅಷ್ಟಾದ ತಕ್ಷಣ ಕೆಟ್ಟೇ ಹೋಗತ್ತೆ ಅಂತಲ್ಲ, ಆದ್ರೆ ಮಾರೋಕೆ ಹೋದಾಗ ತಗೊಳ್ಳೋನು ಮೊದಲು ಕೇಳೋದೇ ಶಟರ್ ಕೌಂಟ್.

ಗಂಟೆ ಲೆಕ್ಕ

ಕೇಳೋಕೆ ತುಂಬಾ ಸರಿ ಅನ್ಸತ್ತೆ, ಲೇಟಾದ್ರೆ ಕ್ಲೈಂಟ್ ಕೊಡ್ತಾರೆ, ನಮಗೇನು ಲಾಸ್ ಇಲ್ಲ. ಕಾರ್ಪೊರೇಟ್ ಈವೆಂಟಿಗೆ ಇದು ನಿಜಕ್ಕೂ ಸರಿ, ಹೋಟೆಲಲ್ಲಿ ಕಾನ್ಫರೆನ್ಸು, ಅವಾರ್ಡ್ ಫಂಕ್ಷನ್ನು, ಆಫೀಸಿನ ಆನ್ಯುಯಲ್ ಡೇ, ಅವ್ರಿಗೆ ಓವರ್‌ಟೈಮ್ ಅಂದ್ರೆ ಅರ್ಥ ಆಗತ್ತೆ, ಬಿಲ್ ಹಾಕಿದ್ರೆ ಕೊಡ್ತಾರೆ, ಟಿಡಿಎಸ್ (ಅಂದ್ರೆ ಮೊದಲೇ ಮುರ್ಕೊಳ್ಳೋ ಇನ್‌ಕಮ್ ಟ್ಯಾಕ್ಸ್) ಹಿಡ್ಕೊಂಡು ಕೊಡ್ತಾರೆ ಅಷ್ಟೇ, ಅದನ್ನ ರಿಟರ್ನ್ ಫೈಲ್ ಮಾಡುವಾಗ ಹೊಂದಿಸ್ಕೋಬೋದು.

ಮನೆ ಫಂಕ್ಷನ್ನಿಗೆ ಮಾತ್ರ ಗಂಟೆ ಲೆಕ್ಕ ಒಗ್ಗಲ್ಲ. ಗೃಹಪ್ರವೇಶ ಅಂತ ಬೆಳಗಿನ ಜಾವ ನಾಲ್ಕೂವರೆಗೆ ಕರೀತಾರೆ, ಹಸು ಒಳಗೆ ಬರೋದು, ಹಾಲು ಉಕ್ಸೋದು ಆಯ್ತು, ಹೋಮ ಆಯ್ತು, ಏಳೂವರೆಗೆ ತಿಂಡಿ, ಆಮೇಲೆ ಹನ್ನೊಂದು ಗಂಟೆ ತನಕ ಏನೂ ಇಲ್ಲ, ಸತ್ಯನಾರಾಯಣ ಪೂಜೆ ಮುಗಿದು ನೆಂಟ್ರು ಊಟಕ್ಕೆ ಬರೋ ಹೊತ್ತಿಗೆ ಮತ್ತೆ ಫೋಟೋ. ಮಧ್ಯದ ಮೂರೂವರೆ ಗಂಟೆಗೆ ದುಡ್ಡು ಕೇಳಿದ್ರೆ "ಕೂತಿದ್ರಲ್ಲಪ್ಪ ಸುಮ್ನೆ" ಅಂತಾರೆ, ಬಿಟ್ರೆ ನಿಮ್ಮ ಒಂದು ದಿನ ಅವ್ರಿಗೆ ಅರ್ಧ ರೇಟಿಗೆ ಹೋಯ್ತು. ಇನ್ನೊಂದು, ಗಂಟೆ ರೇಟ್ ಹೇಳಿದ್ರೆ ಜನಕ್ಕೆ ಕಾಣೋದು ಶೂಟಿನ ಗಂಟೆ ಮಾತ್ರ, ಮನೇಲಿ ಕೂತು ಸೆಲೆಕ್ಷನ್ನು ಎಡಿಟಿಂಗು ಮಾಡೋ ಗಂಟೆಗಳು ಯಾರ ಕಣ್ಣಿಗೂ ಬೀಳಲ್ಲ. ಗಂಟೆ ಲೆಕ್ಕ ಇಟ್ಕೊಳ್ಳೋದಾದ್ರೆ ಮಿನಿಮಮ್ ಮೂರು ಗಂಟೆ ಅಂತ ಹೇಳಿ, ಎಡಿಟಿಂಗ್ ಖರ್ಚನ್ನ ಆ ರೇಟಿನೊಳಗೇ ತುಂಬಿಸಿ.

ದಿನದ ಲೆಕ್ಕ

ಮೊದಲ ವರ್ಷದಲ್ಲಿ ನಾನು ಎಲ್ಲರಿಗೂ ಹೇಳೋದು ಇದನ್ನೇ. ಅದ್ರಲ್ಲೂ ದೊಡ್ಡ ಟೀಮಿನ ಜೊತೆ ಸೆಕೆಂಡ್ ಶೂಟರ್ ಆಗಿ, ಅಂದ್ರೆ ಮುಖ್ಯ ಫೋಟೋಗ್ರಾಫರ್ ಜೊತೆ ಎರಡನೇ ಕ್ಯಾಮೆರಾ ಹಿಡ್ಕೊಂಡು ಹೋಗೋದು. ಶೂಟ್ ಮುಗಿದ ಮೇಲೆ ಕಾರ್ಡ್ ಕಾಪಿ ಮಾಡಿಸಿ ಕೊಟ್ಟು ಮನೆಗೆ ಬಂದ್ರೆ ಮುಗೀತು, ಎಡಿಟ್ ಇಲ್ಲ, ಆಲ್ಬಮ್ ಇಲ್ಲ, ಹುಡುಗಿ ಅತ್ತೆಯಿಂದ ಫೋನ್ ಬರಲ್ಲ.

ಇಲ್ಲಿ ಜಗಳ ಆಗೋದೆಲ್ಲ "ಒಂದು ದಿನ ಅಂದ್ರೆ ಎಷ್ಟು" ಅನ್ನೋದಕ್ಕೆ. ನಮ್ಮ ಬೆಂಗಳೂರು ಮೈಸೂರು ಕಡೆ ಮದುವೆ ಅಂದ್ರೆ ಹಿಂದಿನ ಸಂಜೆ ರಿಸೆಪ್ಷನ್ನು, ಮಾರನೇ ಬೆಳಗ್ಗೆ ಮುಹೂರ್ತ. ಸಂಜೆ ಐದಕ್ಕೆ ಛತ್ರಕ್ಕೆ ಹೋದ್ರೆ ವರಪೂಜೆ, ರಿಸೆಪ್ಷನ್ನು, ಸ್ಟೇಜ್ ಮೇಲೆ ಕ್ಯೂ ಮುಗಿಯೋಷ್ಟರಲ್ಲಿ ಹನ್ನೊಂದೂವರೆ, ಊಟ ಮಾಡಿ ಅಲ್ಲೇ ರೂಮಲ್ಲಿ ಇನ್ನು ನಾಲ್ಕು ಜನದ ಜೊತೆ ಮಲಗಿ ಬೆಳಗ್ಗೆ ಐದಕ್ಕೆ ಎದ್ರೆ ಕಾಶಿಯಾತ್ರೆ, ಧಾರೆ, ಮಾಂಗಲ್ಯ, ಸಪ್ತಪದಿ, ಮಧ್ಯಾಹ್ನ ಎರಡು ಗಂಟೆ. ಇದನ್ನ "ಇಪ್ಪತ್ನಾಲ್ಕು ಗಂಟೇನೂ ಆಗಿಲ್ಲ, ಒಂದೇ ದಿನ" ಅಂತ ಹೇಳೋ ಟೀಮ್ ಲೀಡರ್‌ಗಳು ಇದ್ದಾರೆ. ಒಪ್ಕೋಬೇಡಿ. ರಿಸೆಪ್ಷನ್ ಒಂದು, ಮುಹೂರ್ತ ಒಂದು, ಎರಡು ದಿನದ ದುಡ್ಡು ಅಂತ ಹೋಗೋಕ್ ಮುಂಚೆ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಫೋನಲ್ಲಿ ಮಾತಾಡಿದ್ದು ಯಾರಿಗೂ ನೆನಪಿರಲ್ಲ. ಮಂಗಳೂರು ಉಡುಪಿ ಕಡೆ ಎಷ್ಟೋ ಮದುವೆ ಬೆಳಗ್ಗೆ ಶುರುವಾಗಿ ಮಧ್ಯಾಹ್ನದ ಊಟಕ್ಕೆ ಮುಗಿಯತ್ತೆ, ಅಲ್ಲಿ ಒಂದು ದಿನ ಅಂದ್ರೆ ಒಂದೇ ದಿನ.

ಕಷ್ಟ ಇಲ್ಲ ಅಂತಲ್ಲ. "ಕ್ಲೈಂಟ್ ಇನ್ನೂ ಬ್ಯಾಲೆನ್ಸ್ ಕೊಟ್ಟಿಲ್ಲ ಗುರು, ಬಂದ ತಕ್ಷಣ ಹಾಕ್ತೀನಿ" ಅನ್ನೋದು ಈ ಲೈನಿನ ಮಾಮೂಲಿ ಡೈಲಾಗು. ಅವ್ರ ಕ್ಲೈಂಟಿಗೂ ನಿಮ್ಮ ದುಡ್ಡಿಗೂ ಸಂಬಂಧ ಇಲ್ಲ, ವಾರದೊಳಗೆ ಬರ್ಬೇಕು ಅಂತ ಮೊದಲೇ ಹೇಳಿ. ಜೊತೆಗೆ ನೀವು ತೆಗೆದ ಫೋಟೋನ ನಿಮ್ಮ ಇನ್‌ಸ್ಟಾದಲ್ಲಿ ಹಾಕ್ಕೋಬೋದಾ ಅಂತ ಕೇಳಿ, ಕೆಲವರು ಬಿಡಲ್ಲ, ಬಿಡದಿದ್ರೆ ರೇಟ್ ಸ್ವಲ್ಪ ಜಾಸ್ತಿ ಕೇಳೋದ್ರಲ್ಲಿ ತಪ್ಪಿಲ್ಲ, ಯಾಕಂದ್ರೆ ಹೊಸಬರು ಕಮ್ಮಿ ರೇಟಿಗೆ ಹೋಗೋದೇ ಆ ಫೋಟೋ ತೋರ್ಸಿ ಮುಂದಿನ ಕೆಲಸ ಹಿಡಿಯೋಣ ಅಂತ.

ಪ್ಯಾಕೇಜ್

ಎಲ್ಲರೂ ಓಡೋದು ಇಲ್ಲಿಗೇ, ದುಡ್ಡು ದೊಡ್ಡದಾಗಿ ಕಾಣೋದೂ ಇಲ್ಲೇ. ಫೋಟೋ, ವಿಡಿಯೋ, ಕ್ಯಾಂಡಿಡ್ಡು (ಪೋಸ್ ಇಲ್ದೆ ತೆಗೆಯೋ ಫೋಟೋ), ಎರಡು ಆಲ್ಬಮ್ಮು, ಟೀಸರ್ರು (ಚಿಕ್ಕ ವಿಡಿಯೋ), ಎಲ್ಲ ಸೇರಿ ಒಂದೇ ಮೊತ್ತ. ಮದುವೆ ಮನೆಯವ್ರಿಗೆ ಇದೇ ಇಷ್ಟ, ಒಬ್ಬರ ಹತ್ರ ಮಾತಾಡಿದ್ರೆ ಆಯ್ತು. ಅಂದ್ರೆ ಏನೇ ಜಾಸ್ತಿ ಆದ್ರೂ ಅದು ನಿಮ್ಮ ತಲೆಗೆ.

ಬಿಡಿಸಿ ನೋಡೋಣ. 1,20,000ಕ್ಕೆ ಒಪ್ಕೊಂಡ್ರಿ ಅನ್ನಿ. ವಿಡಿಯೋ ಟೀಮಿಗೆ 35,000, ಜೊತೆ ಶೂಟರ್‌ಗೆ 12,000, ವಿಡಿಯೋ ಎಡಿಟಿಂಗಿಗೆ 12,000, ಎರಡು ಆಲ್ಬಮ್ ಡಿಸೈನು ಪ್ರಿಂಟು 26,000, ಗಾಡಿ ಟೋಲು ಊಟ 5,000. ಹೋಗಿದ್ದು 90,000, ಉಳಿದಿದ್ದು 30,000. ಎರಡು ದಿನದ ಶೂಟು, ಆಮೇಲೆ ಸೆಲೆಕ್ಷನ್ನು ಕಲರ್ ಕರೆಕ್ಷನ್ನು ಅಂತ ವಾರ, ಆಮೇಲೆ ಆಲ್ಬಮ್ ಓಡಾಟ. ಅದೇ ದಿನಕ್ಕೆ 7,500ರ ತಳದ ರೇಟಿನ ಪ್ರಕಾರ ಸೆಕೆಂಡ್ ಶೂಟರ್ ಆಗಿ ಎರಡು ದಿನ ಹೋಗಿದ್ರೆ 15,000 ತಗೊಂಡು ಬಂದು ಮಲಗಬೋದಿತ್ತು.

ಈಗ ಆ 30,000 ಯಾವಾಗ ಬರತ್ತೆ ನೋಡಿ. ಸಾಮಾನ್ಯವಾಗಿ ಹೊಸಬರು ಕೊನೇ ಕಂತನ್ನ "ಆಲ್ಬಮ್ ಕೊಟ್ಟಾಗ" ಅಂತ ಇಟ್ಟಿರ್ತಾರೆ. ಅಂದ್ರೆ ನಿಮ್ಮ ಪೂರ್ತಿ ಲಾಭ ಆಲ್ಬಮ್ಮಿನ ಹಿಂದೆ ಸಿಕ್ಕಾಕ್ಕೊಂಡಿರತ್ತೆ. ಆಲ್ಬಮ್ ಯಾವಾಗ ಆಗತ್ತೆ? ಅವ್ರು ಫೋಟೋ ಸೆಲೆಕ್ಟ್ ಮಾಡಿ ಕೊಟ್ಟಾಗ. ಗಂಡ ಹೆಂಡತಿ ಹನಿಮೂನಿಂದ ಬಂದು ಕೆಲಸಕ್ಕೆ ಸೇರಿ, ಅವ್ರಮ್ಮ ಒಂದು ಲಿಸ್ಟು ಇವ್ರಮ್ಮ ಒಂದು ಲಿಸ್ಟು ಮಾಡಿ, ಅದ್ರಲ್ಲಿ ದೊಡ್ಡಪ್ಪನ ಫ್ಯಾಮಿಲಿ ಫೋಟೋ ಬಿಟ್ಟೋಗಿ, ನಲವತ್ತು ಶೀಟಿಗೆ ಮುನ್ನೂರು ಫೋಟೋ ತುಂಬಿಸಿ ಅಂತ ಕೂತ್ರೆ ಒಂದು ವರ್ಷ ಆದ್ರೂ ಆಶ್ಚರ್ಯ ಇಲ್ಲ. ಅದಕ್ಕೆ ಪ್ಯಾಕೇಜ್ ಮಾಡೋದಾದ್ರೆ ಕಂತು ಹೀಗಿರ್ಲಿ: ಬುಕಿಂಗಿಗೆ 30%, ಫಂಕ್ಷನ್ ದಿನ 50%, ಸಾಫ್ಟ್ ಕಾಪಿ ಕೊಡುವಾಗ ಬಾಕಿ ಎಲ್ಲ. ಆಲ್ಬಮ್ ಪ್ರಿಂಟ್ ಮಾಡೋ ಲ್ಯಾಬಿಗೆ ಹೋಗೋ ಹೊತ್ತಿಗೆ ನಿಮಗೆ ಬರ್ಬೇಕಾದ್ದು ಒಂದು ರೂಪಾಯೀನೂ ಉಳಿದಿರ್ಬಾರ್ದು.

ಫಂಕ್ಷನ್ ದಿನ ದುಡ್ಡು ಕೇಳೋಕೆ ಸಂಕೋಚ ಅಂತಾರೆ. ಹುಡುಗೀ ತಂದೆನ ಕೇಳ್ಬೇಡಿ, ಅವ್ರು ಅವತ್ತು ಯಾವ ಲೋಕದಲ್ಲಿರ್ತಾರೋ. ಪ್ರತಿ ಮದುವೇಲೂ ಒಬ್ಬರು ಚಿಕ್ಕಪ್ಪನೋ ಸೋದರಮಾವನೋ ಕಂಕುಳಲ್ಲಿ ಒಂದು ಬ್ಯಾಗ್ ಸಿಗಿಸ್ಕೊಂಡು ಅಡುಗೆಯವರಿಗೆ, ಹೂವಿನವರಿಗೆ, ಓಲಗದವರಿಗೆ ಸೆಟ್ಲ್ ಮಾಡ್ತಾ ಓಡಾಡ್ತಿರ್ತಾರೆ. ಬುಕಿಂಗ್ ಟೈಮಲ್ಲೇ "ಅವತ್ತು ಪೇಮೆಂಟಿಗೆ ಯಾರನ್ನ ಕೇಳ್ಲಿ ಸಾರ್" ಅಂತ ಆ ಹೆಸರು ನಂಬರ್ ತಗೊಂಡಿರಿ, ರಿಸೆಪ್ಷನ್ ಸಂಜೆ ಜನ ಸೇರೋಕ್ ಮುಂಚೆ ಅವ್ರನ್ನ ಹಿಡೀರಿ. ಮಾರನೇ ದಿನ ಊಟದ ಹೊತ್ತಿಗೆ ಆ ಬ್ಯಾಗು ಖಾಲಿಯಾಗಿರತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಸರ್ವಿಸ್ ಕೊಡೋರಿಗೆ ವರ್ಷದ ಟರ್ನೋವರ್ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಆಗ್ಲೇಬೇಕು. ಟರ್ನೋವರ್ ಅಂದ್ರೆ ನಿಮಗೆ ಉಳಿದಿದ್ದಲ್ಲ, ನೀವು ಬಿಲ್ ಮಾಡಿದ್ದು ಪೂರ್ತಿ. ಮೇಲಿನ 1,20,000ದ ಮದುವೆ 17 ಮಾಡಿದ್ರೆ 20 ಲಕ್ಷ ದಾಟಿತು, ನಿಮ್ಮ ಕೈಗೆ ಉಳಿದಿದ್ದು 5 ಲಕ್ಷ ಚಿಲ್ಲರೆ. ಅಲ್ಲಿಂದ ಫೋಟೋಗ್ರಫಿಗೆ 18% ಸೇರಿಸ್ಬೇಕು, 1,20,000ಕ್ಕೆ 21,600, ಮದುವೆ ಮನೆಯವ್ರು ಅದನ್ನ ಕಂಪನಿಗಳ ಥರ ತಮ್ಮ ಜಿಎಸ್‌ಟಿಯಲ್ಲಿ ಕಳ್ಕೊಳ್ಳೋಕಾಗಲ್ಲ (ಕ್ರೆಡಿಟ್ ಸಿಗಲ್ಲ), ಹಂಗಾಗಿ ಅವ್ರ ಪಾಲಿಗೆ ನೀವು ರೇಟ್ ಏರಿಸಿದ ಹಾಗೇ. ಎಲ್ಲ ಫೋನ್‌ಪೇ ಗೂಗಲ್‌ಪೇಲಿ ಬರತ್ತೆ, ಯಾರಿಗೆ ಗೊತ್ತಾಗತ್ತೆ ಅನ್ನೋರು 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕಳಿಸಿದ್ದನ್ನ ನೆನಪು ಮಾಡ್ಕೊಳ್ಳಿ. ಸುಲಭದ ದಾರಿ ಏನಂದ್ರೆ ನಿಮ್ಮ ಫೀಸು ಬೇರೆ ಹೇಳಿ, ವಿಡಿಯೋದವರು ಅವ್ರ ಫೀಸು ಅವ್ರೇ ಮಾತಾಡ್ಲಿ, ಬಿಲ್ಲೂ ಅವ್ರೇ ಕೊಡ್ಲಿ, ದುಡ್ಡು ನೇರ ಅವ್ರಿಗೇ ಹೋಗ್ಲಿ. ಹೇಗೂ ವಿಡಿಯೋ ಲೇಟಾಗಿದ್ದಕ್ಕೆ ಬೈಗುಳ ನೀವ್ಯಾಕೆ ತಿನ್ಬೇಕು.

ಪೀಸ್ ಲೆಕ್ಕ

ಪ್ರಾಡಕ್ಟ್ ಶೂಟಿಗೆ, ಹೋಟೆಲ್ ಮೆನುಗೆ ಇದೇ ನಡೆಯೋದು. ಸೀರೆ ಅಂಗಡಿಯವರು, ಚನ್ನಪಟ್ಟಣದ ಗೊಂಬೆ ಆನ್‌ಲೈನಲ್ಲಿ ಮಾರೋರು, ಮನೇಲೇ ಉಪ್ಪಿನಕಾಯಿ ಚಟ್ನಿಪುಡಿ ಮಾಡಿ ಕಳ್ಸೋರು, ಇವ್ರಿಗೆಲ್ಲ "ಪೀಸಿಗೆ ಎಷ್ಟು" ಅಂದ್ರೆನೇ ಅರ್ಥ ಆಗೋದು. ಆಷಾಢದ ತಿಂಗಳು ಕೈ ಹಿಡಿಯೋ ಕೆಲಸಾನೂ ಹೌದು.

ಆದ್ರೆ ಪೀಸ್ ಅಂದ್ರೆ ವಸ್ತುನಾ ಫೋಟೋನಾ? ಒಂದು ಇಳಕಲ್ ಸೀರೆ ತಗೊಳ್ಳಿ. ಮಡಿಕೆ ಹಾಕಿದ್ದು ಒಂದು, ಟೋಪ್ ಸೆರಗು ಬಿಚ್ಚಿ ಹರಡಿದ್ದು ಒಂದು, ಅಂಚು ಹತ್ರದಿಂದ ಒಂದು, ಒಡಲು ಒಂದು, ಬ್ಲೌಸ್ ಪೀಸ್ ಒಂದು. ಐದು ಫೋಟೋ. ನೀವು ಸೀರೆಗೆ 200 ಅಂತ ಹೇಳಿದ್ರೆ ಫೋಟೋಗೆ 40 ಬಿತ್ತು. ಅದೂ ಹೋಗ್ಲಿ ಅಂದ್ರೆ ಸೀರೆ ಬಂದಿರೋದು ಕವರಲ್ಲಿ ಮಡಿಚಿ, ಸುಕ್ಕು ತುಂಬಿ, ಅದನ್ನ ಇಸ್ತ್ರಿ ಮಾಡೋರು ಯಾರು? ಫೋಟೋ ತೆಗೆಯೋಕೆ ಎರಡು ನಿಮಿಷ, ಸುಕ್ಕು ತೆಗೆಯೋಕೆ ಹತ್ತು. ಅಮೆಜಾನ್‌ಗೆ ಹಾಕೋದಾದ್ರೆ ಮೇನ್ ಫೋಟೋಗೆ ಅಪ್ಪಟ ಬಿಳಿ ಬ್ಯಾಕ್‌ಗ್ರೌಂಡ್ ಬೇಕು, ವಸ್ತು ಫ್ರೇಮಿನ 85% ತುಂಬಿರ್ಬೇಕು, ಆ ಕಟಿಂಗ್ ಕೆಲಸ ಬೇರೆ. ಅದಕ್ಕೆ ಹೇಳೋವಾಗ ಫೈನಲ್ ಫೋಟೋ ಲೆಕ್ಕದಲ್ಲಿ ಹೇಳಿ, ಲೈಟ್ ಸೆಟಪ್ಪಿಗೆ ಬೇರೆ ಒಂದು ಮೊತ್ತ, ಇಸ್ತ್ರಿ ಅಂಗಡಿಯವ್ರದ್ದೇ, ಮಿನಿಮಮ್ ಇಷ್ಟು ಫೋಟೋ ಇದ್ರೆ ಮಾತ್ರ ಬರ್ತೀನಿ ಅಂತ.

ಮೆನು ಶೂಟಲ್ಲಿ ಐಟಂ ಲೆಕ್ಕ ಸರಿ, ಆದ್ರೆ ಅಡುಗೆ ಭಟ್ರು ನಿಮ್ಮ ಕೈಲಿರಲ್ಲ. ಹೋಟೆಲ್ ರಶ್ ಟೈಮಲ್ಲಿ ಮಧ್ಯ ಮಧ್ಯ ಒಂದೊಂದು ಪ್ಲೇಟ್ ಕಳಿಸ್ತಾರೆ, ಮಸಾಲೆ ದೋಸೆ ಬಂದು ಐದು ನಿಮಿಷಕ್ಕೆ ಮೆತ್ತಗಾಗಿ ಕೂತಿರತ್ತೆ, ಇಪ್ಪತ್ತು ಐಟಂ ಮುಗಿಯೋಕೆ ಬೆಳಗ್ಗೆಯಿಂದ ಸಂಜೆ. ಮಧ್ಯಾಹ್ನ ಮೂರರಿಂದ ಆರು ಅಂತ ಟೈಮ್ ಕಟ್ಟಿ, ಅದ್ರಾಚೆ ಹೋದ್ರೆ ಹಾಫ್ ಡೇ ರೇಟು.

ತಿಂಗಳ ಲೆಕ್ಕ

ಕೆಫೆ, ಜಿಮ್ಮು, ಬೊಟಿಕ್ಕಿನವರು ಈಗ ಇದನ್ನೇ ಕೇಳ್ತಾರೆ, ತಿಂಗಳಿಗೆ ಇಷ್ಟು ರೀಲ್ಸು ಇಷ್ಟು ಫೋಟೋ. ನಿಯತ್ತಾಗಿ ದುಡ್ಡು ಬರತ್ತೆ, ಇಎಂಐ ಇರೋರಿಗೆ ನೆಮ್ಮದಿ. ಎಷ್ಟು ಸಲ ಬರ್ತೀನಿ, ಎಷ್ಟು ಕೊಡ್ತೀನಿ, ಎಷ್ಟು ಸಲ ತಿದ್ದಿ ಕೊಡ್ತೀನಿ, ಈ ಮೂರು ಸಂಖ್ಯೆ ಬರೆದಿರ್ಲಿ. ಈ ತಿಂಗಳು ಅವ್ರು ಕರೀಲಿಲ್ಲ ಅಂದ್ರೆ ಮುಂದಿನ ತಿಂಗಳಿಗೆ ಸೇರಲ್ಲ ಅನ್ನೋದೂ ಬರೆದಿರ್ಲಿ. ದುಡ್ಡು ತಿಂಗಳ ಮೊದಲೇ. ಇದ್ರ ಬಗ್ಗೆ ಇದಕ್ಕಿಂತ ಹೇಳೋಕೇನಿಲ್ಲ.

ಲೈಸೆನ್ಸ್ ಲೆಕ್ಕ

ಅಮೆರಿಕದವರ ಯೂಟ್ಯೂಬ್ ನೋಡಿ ನಮ್ಮ ಹುಡುಗ್ರು ಇದನ್ನ ಕಲ್ತು ಬರ್ತಾರೆ, ಶೂಟಿಗೆ ಬೇರೆ ದುಡ್ಡು, ಫೋಟೋ ಬಳಸೋಕೆ ಬೇರೆ ದುಡ್ಡು ಅಂತ. ಇಲ್ಲಿಯ ಕಾನೂನು ಬೇರೆ ಸ್ವಾಮಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರಾದ್ರೂ ದುಡ್ಡು ಕೊಟ್ಟು ಫೋಟೋ ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಅದ್ರ ಮೊದಲ ಮಾಲೀಕರು ತೆಗೆಸಿದವರೇ. ತೆಗೆದವರಲ್ಲ. ಅಂದ್ರೆ ಚಿಕ್ಕಮಗಳೂರಿನ ಯಾವುದೋ ರೆಸಾರ್ಟ್‌ಗೆ ನೀವು ಶೂಟ್ ಮಾಡಿ ಕೊಟ್ರಿ, ಆಮೇಲೆ ಅದೇ ಫೋಟೋ ಬುಕಿಂಗ್ ಆಪಲ್ಲೂ ಬಂತು, ಹೈವೇ ಹೋರ್ಡಿಂಗಲ್ಲೂ ಬಂತು ಅಂತ ಹೋಗಿ ದುಡ್ಡು ಕೇಳಿದ್ರೆ, ಬರಹದಲ್ಲಿ ಏನೂ ಇಲ್ಲದಿದ್ರೆ ನಿಮ್ಮ ಮಾತು ನಿಲ್ಲಲ್ಲ. ಅದಕ್ಕೆ ಆರ್ಕಿಟೆಕ್ಚರ್, ರೆಸಾರ್ಟ್, ಜಾಹೀರಾತು ಕೆಲಸ ಮಾಡೋರು ಶೂಟಿಗೆ ಮುಂಚೇನೇ ಕಾಪಿರೈಟ್ ಯಾರದ್ದು, ಎಲ್ಲೆಲ್ಲಿ ಬಳಸ್ಬೋದು, ಎಷ್ಟು ವರ್ಷ ಅಂತ ಸಹಿ ಹಾಕಿಸ್ಕೊಳ್ಳಿ. ಮದುವೆ ಗೃಹಪ್ರವೇಶಕ್ಕೆ ಈ ಲೆಕ್ಕ ತರೋಕೇ ಹೋಗ್ಬೇಡಿ, ಆದ್ರೆ ನಿಮ್ಮ ಪೋರ್ಟ್‌ಫೋಲಿಯೋಗೆ ಹಾಕ್ಕೋತೀನಿ ಅನ್ನೋ ಒಂದು ಸಾಲಿಗೆ ಒಪ್ಪಿಗೆ ತಗೊಂಡಿರಿ, ಮೇಲಿನ ಕಾರಣಕ್ಕೇ.

ನೆಂಟರ ರೇಟು

ಇದಕ್ಕೆ ಲೆಕ್ಕಾನೇ ಇಲ್ಲ, ಅರ್ಧ ರೇಟಿಗೆ ಮಾತ್ರ ಹೋಗ್ಬೇಡಿ. ಅರ್ಧ ಕೊಟ್ಟವರು ಪೂರ್ತಿ ಕೊಟ್ಟವರಿಗಿಂತ ಜಾಸ್ತಿ ಕೆಲಸ ಹೇಳ್ತಾರೆ, ಕೊನೆಗೆ ಇಬ್ರಿಗೂ ಸಮಾಧಾನ ಇರಲ್ಲ. ತೀರಾ ಹತ್ತಿರದವರಾದ್ರೆ ಇದೇ ನನ್ನ ಮುಯ್ಯಿ ಅಂತ ಹೇಳಿ ಫ್ರೀಯಾಗಿ ಮಾಡಿ, ಆಲ್ಬಮ್ ಖರ್ಚು ಅವ್ರು ಹಾಕ್ಲಿ. ದೂರದವರಾದ್ರೆ ಫುಲ್ ರೇಟು.

ಯಾರು ಏನು ಹಿಡೀಬೇಕು

ನನ್ನ ಕೇಳಿದ್ರೆ, ಮದುವೆ ಲೈನಿಗೆ ಬರೋರು ಮೊದಲ ಸೀಸನ್ ದಿನದ ಲೆಕ್ಕದಲ್ಲೇ ಇರಿ, ಜೊತೆಗೆ ನಾಮಕರಣ, ಸೀಮಂತ, ಬರ್ತ್‌ಡೇ ಇಂಥ ಅರ್ಧ ದಿನದ ಫಂಕ್ಷನ್ನು ಆಲ್ಬಮ್ ಇಲ್ದೆ, ಎಡಿಟ್ ಮಾಡಿದ 150 ಫೋಟೋ ಅಂತ ಒಂದೇ ಮೊತ್ತಕ್ಕೆ ಮಾಡಿ. ಪ್ಯಾಕೇಜ್ ಮುಟ್ಬೇಕಾದ್ರೆ ಲ್ಯಾಬಿನ ಜೊತೆ ಅಕೌಂಟ್ ಇರ್ಬೇಕು, ನಂಬೋ ವಿಡಿಯೋದವರು ಇರ್ಬೇಕು, ಕೈಯಲ್ಲಿ ಐವತ್ತು ಅರವತ್ತು ಸಾವಿರ ಓಡಾಡ್ತಿರ್ಬೇಕು, ಇಲ್ಲಾಂದ್ರೆ ಒಂದು ಮದುವೆಯ ಅಡ್ವಾನ್ಸಲ್ಲಿ ಇನ್ನೊಂದು ಮದುವೆಯ ಆಲ್ಬಮ್ ಪ್ರಿಂಟ್ ಹಾಕ್ಸೋ ಚಕ್ರಕ್ಕೆ ಬೀಳ್ತೀರಿ, ಆಚೆ ಬರೋದು ಕಷ್ಟ. ಪ್ರಾಡಕ್ಟು ಫುಡ್ಡು ಮಾಡೋರು ಪೀಸ್ ಲೆಕ್ಕದಲ್ಲಿ ಶುರು ಮಾಡಿ, ಒಳ್ಳೇ ಕ್ಲೈಂಟ್ ಸಿಕ್ರೆ ತಿಂಗಳ ಲೆಕ್ಕಕ್ಕೆ ತಿರುಗಿಸ್ಕೊಳ್ಳಿ.

ಚೌಕಾಸಿ ಎಲ್ಲ ಕಡೆ ಇದ್ದಿದ್ದೇ. "ನೋಡಪ್ಪ, ನಮ್ಮ ಹುಡುಗನ ಥರ ನೀನು, ಲಾಸ್ಟ್ ಎಷ್ಟು ಹೇಳು" ಅಂದ್ರೆ ಬರೀ ರೇಟ್ ಇಳಿಸ್ಬೇಡಿ, ಜೊತೆಗೆ ಕೆಲಸಾನೂ ಇಳಿಸಿ. "ಆಯ್ತು ಅಂಕಲ್, 18,000ಕ್ಕೆ ಮಾಡ್ಕೊಡ್ತೀನಿ, ಸಂಜೆ ಆರತಿ ಫೋಟೋ ಬರಲ್ಲ, ಮಧ್ಯಾಹ್ನ ಊಟಕ್ಕೇ ಮುಗಿಸ್ತೀನಿ." ಎಷ್ಟೋ ಜನ ಆಗ ಮೊದಲ ರೇಟಿಗೇ ಬರ್ತಾರೆ, ಉಳಿದವರಿಗೆ ಕಮ್ಮಿ ಕೆಲಸ ಮಾಡಿದ್ರೂ ನಿಮಗೆ ಲಾಸಿಲ್ಲ.

ಕೊಟೇಷನ್ ಅಂತ ಪಿಡಿಎಫ್ ಡಿಸೈನ್ ಮಾಡೋದೆಲ್ಲ ಆಮೇಲೆ ಇರ್ಲಿ, ವಾಟ್ಸಾಪ್ ಮೆಸೇಜ್ ಸಾಕು, ಇಷ್ಟಿದ್ರೆ ಆಯ್ತು:

"ನಮಸ್ತೆ ಸಾರ್, 14ನೇ ತಾರೀಕು ನಾಮಕರಣ, ಬೆಳಗ್ಗೆ 9ರಿಂದ ಮಧ್ಯಾಹ್ನ 2. ನಾನೊಬ್ಬನೇ ಬರ್ತೀನಿ, ಫೋಟೋ ಮಾತ್ರ, ವಿಡಿಯೋ ಇಲ್ಲ. ಎಡಿಟ್ ಮಾಡಿದ 150 ಫೋಟೋ 12 ದಿನದೊಳಗೆ ಲಿಂಕಲ್ಲಿ ಕಳಿಸ್ತೀನಿ. ಒಟ್ಟು 9,000, ಬುಕಿಂಗಿಗೆ 3,000, ಅವತ್ತು ಕಾರ್ಯಕ್ರಮ ಮುಗಿದ ಮೇಲೆ 6,000. 2 ಗಂಟೆ ಮೇಲೆ ಗಂಟೆಗೆ 1,500. ಡೇಟ್ ಮುಂದಕ್ಕೆ ಹೋದ್ರೆ ಅಡ್ವಾನ್ಸ್ ಹೊಸ ಡೇಟಿಗೆ ಸೇರತ್ತೆ, ಕ್ಯಾನ್ಸಲ್ ಆದ್ರೆ ವಾಪಸ್ ಇಲ್ಲ. ಒಪ್ಪಿಗೆ ಇದ್ರೆ ಓಕೆ ಅಂತ ಒಂದು ಮೆಸೇಜ್ ಹಾಕಿ."

ಆ ಓಕೆ ಬರೋ ತನಕ ಡೇಟ್ ಬ್ಲಾಕ್ ಮಾಡ್ಬೇಡಿ, ಅಡ್ವಾನ್ಸ್ ಬರೋ ತನಕ ಬೇರೆಯವರ ಕೆಲಸ ಬಿಡ್ಬೇಡಿ. ರೇಟ್ ಏರಿಸೋದಾದ್ರೆ ಸೀಸನ್ ಮಧ್ಯ ಬೇಡ, ಆಷಾಢದಲ್ಲಿ ಕೂತು ಹೊಸ ಲೆಕ್ಕ ಹಾಕಿ, ಶ್ರಾವಣದಿಂದ ಬರೋ ಹೊಸ ಎನ್‌ಕ್ವೈರಿಗಳಿಗೆ ಹೊಸ ರೇಟು, ಹಳೇ ಬುಕಿಂಗಿಗೆ ಹಳೇದೇ.